ಓದುಗರ ಪ್ರಶ್ನೆ: ಫುಟಿಯ ಹಳೆಯ ಅಭಿಮಾನಿಗಳು ಯಾಕೆ ಬರುತ್ತಿಲ್ಲ?

ಆಸ್ಟ್ರೇಲಿಯನ್ ರೂಲ್ಸ್ ಫುಟ್‌ಬಾಲ್ ಬಗ್ಗೆ ಈ ಸಲ ತುಂಬಾ ಪತ್ರಗಳು ಬಂದಿವೆ. ಇಲ್ಲಿ ಎಲ್ಲರೂ ಅದನ್ನು ಫುಟಿ ಅಂತಲೇ ಕರೆಯುತ್ತಾರೆ. ಆಟ ಗೊತ್ತಿಲ್ಲದವರಿಗೆ ಒಂದೆರಡು ಮಾತು. ಒಂದು ಕಡೆಗೆ ಹದಿನೆಂಟು ಜನ, ಮೊಟ್ಟೆಯಾಕಾರದ ಚೆಂಡು, ಕ್ರಿಕೆಟ್ ಆಡುವಷ್ಟು ದೊಡ್ಡ ಮೈದಾನ. ನಡುವಿನ ಎರಡು ಎತ್ತರದ ಕಂಬಗಳ ಮಧ್ಯೆ ಚೆಂಡು ಒದ್ದರೆ ಗೋಲ್, ಅದಕ್ಕೆ ಆರು ಅಂಕ. ಪಕ್ಕದ ಗಿಡ್ಡ ಕಂಬದ ಒಳಗೆ ಹೋದರೆ ಒಂದೇ ಅಂಕ. ಒದ್ದ ಚೆಂಡನ್ನು ನೆಲ ಮುಟ್ಟುವ ಮೊದಲೇ ಹಿಡಿದರೆ ಅದು ಮಾರ್ಕ್. ಆಮೇಲೆ ಹಿಡಿದವನು ಯಾರ ಕಾಟವೂ ಇಲ್ಲದೆ ಒದೆಯಬಹುದು.

ನಾನು 1980ರ ದಶಕದ ಕೊನೆಯಲ್ಲಿ ಮೆಲ್ಬರ್ನ್‌ಗೆ ಬಂದವನು. ಫುಟ್‌ಸ್ಕ್ರೇಯ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ಜೊತೆಯವರೆಲ್ಲ ಆ ಬಡಾವಣೆಯ ಕ್ಲಬ್ ಆದ ಬುಲ್‌ಡಾಗ್ಸ್ ಕಡೆಯವರು, ನಾನೂ ಅದೇ ತಂಡದವನಾದೆ. ಉದಾಹರಣೆಗಳು ಹೆಚ್ಚಾಗಿ ಆ ಕಡೆಯಿಂದಲೇ ಬರುತ್ತವೆ.

ಪ್ರಶ್ನೆ: ನಮ್ಮ ಪಕ್ಕದ ಮನೆಯ ಹಿರಿಯರಿಗೆ ಎಪ್ಪತ್ತು ದಾಟಿದೆ. ಬಾಲ್ಯದಿಂದ ಫುಟಿ ನೋಡಿದವರು. ಈ ವರ್ಷ ಕ್ಲಬ್ಬಿನ ಮೆಂಬರ್‌ಶಿಪ್ ಮಾಡಿಸಿಲ್ಲ. ಯಾಕೆ ಅಂತ ಕೇಳಿದರೆ "ಈಗಿನದು ನಮ್ಮ ಆಟ ಅಲ್ಲ" ಅಂದು ಸುಮ್ಮನಾಗುತ್ತಾರೆ. ನಾವು ಈ ದೇಶಕ್ಕೆ ಹೊಸಬರು. ಇಷ್ಟು ವರ್ಷದ ಅಭಿಮಾನ ಹೇಗೆ ಬಿಟ್ಟುಹೋಗುತ್ತದೆ ಸರ್?
— ಓದುಗರೊಬ್ಬರು, ಮೆಲ್ಬರ್ನ್‌ನ ಪಶ್ಚಿಮ ಭಾಗ

ಉತ್ತರ: ಅಭಿಮಾನ ಒಂದೇ ದಿನದಲ್ಲಿ ಬಿಟ್ಟುಹೋಗುವುದಿಲ್ಲ. ಮೊದಲು ಹೋಗುವುದು ರೂಢಿ. ಯಾವ ದಿನ, ಯಾವ ಹೊತ್ತಿಗೆ, ಯಾವ ದಾರಿಯಲ್ಲಿ, ಯಾರ ಜೊತೆ ಮೈದಾನಕ್ಕೆ ಹೋಗುತ್ತಿದ್ದೆವು ಅನ್ನುವುದು ಕೈತಪ್ಪಿದರೆ ಆಟವೂ ನಿಧಾನಕ್ಕೆ ಕೈತಪ್ಪುತ್ತದೆ. ನಿಮ್ಮ ಹಿರಿಯರ ವಿಷಯದಲ್ಲಿ ಇದೇ ಆಗಿರಬೇಕು ಅಂತ ನನಗೆ ಅನ್ನಿಸುತ್ತದೆ.

ಅವರು ಬೆಳೆದ ಕಾಲ ಹೇಗಿತ್ತು ನೋಡಿ. ಈ ಆಟದ ನಿಯಮಗಳನ್ನು 1859ರಲ್ಲಿ ಮೆಲ್ಬರ್ನ್‌ನಲ್ಲೇ ಬರೆದರು, ಬರೀ ಹತ್ತು ನಿಯಮ. ವಿಕ್ಟೋರಿಯನ್ ಫುಟ್‌ಬಾಲ್ ಲೀಗ್ 1897ರಲ್ಲಿ ಎಂಟು ಕ್ಲಬ್‌ಗಳೊಂದಿಗೆ ಶುರುವಾಯಿತು. 1925ರಲ್ಲಿ ಫುಟ್‌ಸ್ಕ್ರೇ, ಹಾಥಾರ್ನ್, ನಾರ್ತ್ ಮೆಲ್ಬರ್ನ್ ಸೇರಿ ಹನ್ನೆರಡಾಯಿತು. ಜಿಲಾಂಗ್ ಒಂದನ್ನು ಬಿಟ್ಟರೆ ಹನ್ನೊಂದೂ ಒಂದೇ ಊರಿನವು. ಕಾಲಿಂಗ್‌ವುಡ್, ಕಾರ್ಲ್‌ಟನ್, ರಿಚ್ಮಂಡ್, ಫಿಟ್ಜ್‌ರಾಯ್, ಎಲ್ಲವೂ ಬಡಾವಣೆಗಳ ಹೆಸರು. ಪ್ರತಿ ಬಡಾವಣೆಗೂ ತನ್ನದೇ ಮೈದಾನ. ಶನಿವಾರ ಮಧ್ಯಾಹ್ನ ಎರಡು ಗಂಟೆ ಆಗುತ್ತಿದ್ದ ಹಾಗೆ ಆರು ಮೈದಾನಗಳಲ್ಲೂ ಒಟ್ಟಿಗೆ ಆಟ ಶುರು. ಐದು ಗಂಟೆಗೆ ಮುಗಿಯುತ್ತಿತ್ತು. ಕ್ಯಾಲೆಂಡರ್ ನೋಡುವ ಅಗತ್ಯವೇ ಇರಲಿಲ್ಲ.

ನಾನು ಬಂದಾಗ ಅದರ ಕೊನೆಯ ಭಾಗವನ್ನಾದರೂ ಕಂಡೆ. ಬಾರ್ಕ್ಲಿ ಸ್ಟ್ರೀಟ್ ಪಕ್ಕದ ವೆಸ್ಟರ್ನ್ ಓವಲ್ ನಮ್ಮ ಮೈದಾನ. ಅಲ್ಲಿ ಗಾಳಿ ಜೋರು. ಒಂದು ಕಡೆಯ ಗೋಲಿಗೆ ಚೆಂಡು ಹಾರುತ್ತಾ ಹೋಗುತ್ತಿತ್ತು, ಇನ್ನೊಂದು ಕಡೆಗೆ ಒದ್ದರೆ ನಿಂತಲ್ಲೇ ಬೀಳುತ್ತಿತ್ತು. ನನ್ನ ಕಾರ್ಖಾನೆಯಲ್ಲಿ ಒಬ್ಬ ಫಿಟ್ಟರ್ ಇದ್ದರು. ಮ್ಯಾಸಿಡೋನಿಯಾದಿಂದ ಬಂದ ಕುಟುಂಬದವರು. ಮನೆಯಿಂದ ನಡೆದೇ ಬರುತ್ತಿದ್ದರು. ಬೇಲಿಯ ಹತ್ತಿರ ಅವರು ನಿಲ್ಲುವ ಜಾಗ ಒಂದೇ. ಸುತ್ತ ನಿಲ್ಲುವವರೂ ಅವರೇ. ಅಲ್ಲಿ ನಿಂತವರಿಗೆ ಒಬ್ಬರ ಮಕ್ಕಳ ಹೆಸರು ಇನ್ನೊಬ್ಬರಿಗೆ ಗೊತ್ತು, ಯಾರಿಗೆ ಕೆಲಸ ಹೋಯಿತು, ಯಾರ ತಾಯಿ ಆಸ್ಪತ್ರೆಯಲ್ಲಿದ್ದಾರೆ, ಎಲ್ಲವೂ ಗೊತ್ತು. ಇಂಗ್ಲಿಷ್ ಸರಿಯಾಗಿ ಬಾರದ ನನಗೆ ಈ ದೇಶದಲ್ಲಿ ಮೊದಲು ಸ್ನೇಹ ಸಿಕ್ಕಿದ್ದು ಆ ಬೇಲಿಯ ಪಕ್ಕದಲ್ಲಿ.

1989ರ ಅಕ್ಟೋಬರ್‌ನಲ್ಲಿ ಫುಟ್‌ಸ್ಕ್ರೇಯನ್ನು ಫಿಟ್ಜ್‌ರಾಯ್ ಜೊತೆ ವಿಲೀನ ಮಾಡುತ್ತೇವೆ ಅನ್ನುವ ಸುದ್ದಿ ಬಂತು. ಸಾಲ ಜಾಸ್ತಿ ಆಗಿದೆ, ಕ್ಲಬ್ ಉಳಿಯುವುದಿಲ್ಲ ಅಂದರು. ಪಶ್ಚಿಮ ಭಾಗದ ಜನ ರೊಚ್ಚಿಗೆದ್ದರು. ಅಭಿಮಾನಿಯೊಬ್ಬರು ಕೋರ್ಟಿಗೆ ಹೋಗಿ ಸಮಯ ತಂದರು. ಪೀಟರ್ ಗಾರ್ಡನ್ ಎಂಬ ಯುವ ವಕೀಲರು ಹೋರಾಟದ ಮುಂದೆ ನಿಂತರು. ಜನ ಡಬ್ಬಿ ಹಿಡಿದು ಅಂಗಡಿ ಮುಂದೆ, ರೈಲು ನಿಲ್ದಾಣದಲ್ಲಿ, ಮನೆಮನೆಯಲ್ಲಿ ಚಂದಾ ಎತ್ತಿದರು. ನಮ್ಮ ಫಿಟ್ಟರ್ ಕೂಡ ರಾತ್ರಿ ಪಾಳಿ ಮುಗಿಸಿ ನಿದ್ದೆ ಬಿಟ್ಟು ಹೋಗುತ್ತಿದ್ದರು. ಕ್ಲಬ್ ಉಳಿಯಿತು.

ಇಷ್ಟು ಕಷ್ಟಪಟ್ಟು ಉಳಿಸಿಕೊಂಡ ಜನ ಆಮೇಲೆ ಯಾಕೆ ಬಿಟ್ಟರು? ಅವರು ಉಳಿಸಿಕೊಂಡಿದ್ದು ಫುಟ್‌ಸ್ಕ್ರೇಯನ್ನು. 1996ರ ಸೀಸನ್ ಮುಗಿದ ಮೇಲೆ ಕ್ಲಬ್ ವೆಸ್ಟರ್ನ್ ಬುಲ್‌ಡಾಗ್ಸ್ ಅಂತ ಹೆಸರು ಬದಲಿಸಿತು. 1997ರಲ್ಲಿ ವೆಸ್ಟರ್ನ್ ಓವಲ್‌ನಲ್ಲಿ ಕೊನೆಯ ದೊಡ್ಡ ಆಟ ನಡೆಯಿತು. ಆಟಗಳು ಕಾರ್ಲ್‌ಟನ್‌ನ ಪ್ರಿನ್ಸಸ್ ಪಾರ್ಕ್‌ಗೆ ಹೋದವು, 2000ದಲ್ಲಿ ಡಾಕ್‌ಲ್ಯಾಂಡ್ಸ್‌ಗೆ ಹೋದವು. ಡಾಕ್‌ಲ್ಯಾಂಡ್ಸ್ ಕ್ರೀಡಾಂಗಣಕ್ಕೆ ಮೊದಲು ಕಲೋನಿಯಲ್ ಅಂತ ಹೆಸರು, ಆಮೇಲೆ ಟೆಲ್‌ಸ್ಟ್ರಾ ಡೋಮ್, ಆಮೇಲೆ ಎತಿಹಾದ್, ಈಗ ಮಾರ್ವೆಲ್. ಮೇಲೆ ಚಾವಣಿ ಇದೆ, ಮಳೆ ಗಾಳಿ ಇಲ್ಲ, ಕುರ್ಚಿಗೆ ನಂಬರ್ ಇದೆ. ಅನುಕೂಲ ಅಂದರೆ ಅನುಕೂಲವೇ. ಆದರೆ ಬೇಲಿಯ ಪಕ್ಕ ಒಟ್ಟಿಗೆ ನಿಂತವರಿಗೆ ಬೇರೆ ಬೇರೆ ಸಾಲಿನಲ್ಲಿ ಸೀಟು ಸಿಕ್ಕಿತು. ಕೆಲವರು ಮೇಲಿನ ಮಹಡಿ, ಕೆಲವರು ಕೆಳಗೆ.

ಫಿಟ್ಟರ್ ಒಂದೆರಡು ವರ್ಷ ರೈಲಿನಲ್ಲಿ ಬಂದರು. ಮೊದಲು ರಾತ್ರಿಯ ಆಟ ಬಿಟ್ಟರು. ಆಮೇಲೆ ಭಾನುವಾರದ್ದು ಬಿಟ್ಟರು. ಆಮೇಲೆ ಕ್ಲಬ್ ಕೆಲವು ಆಟಗಳನ್ನು ಬೇರೆ ಊರುಗಳಿಗೆ ಮಾರಿತು, ಡಾರ್ವಿನ್, ಕ್ಯಾನ್‌ಬೆರಾ, ಈಚೆಗೆ ಬ್ಯಾಲರಾಟ್. ಇನ್ನು ಬರುವುದಿಲ್ಲ ಅಂತ ಅವರು ಯಾವತ್ತೂ ಹೇಳಲಿಲ್ಲ. ಒಂದು ವರ್ಷ ಬರಲಿಲ್ಲ, ಅಷ್ಟೇ.

ಇದು ನಮ್ಮ ಕ್ಲಬ್ಬಿನ ಕಥೆ ಮಾತ್ರ ಅಲ್ಲ. ಸೇಂಟ್ ಕಿಲ್ಡಾ ಕ್ಲಬ್ 1992ರಲ್ಲಿ ತನ್ನ ಮೂರಬಿನ್ ಮೈದಾನ ಬಿಟ್ಟಿತು. ಎಸೆಂಡನ್ 1991ರಲ್ಲಿ ವಿಂಡಿ ಹಿಲ್ ಬಿಟ್ಟಿತು. ಕಾಲಿಂಗ್‌ವುಡ್‌ನ ವಿಕ್ಟೋರಿಯಾ ಪಾರ್ಕ್‌ನಲ್ಲಿ 1999ರಲ್ಲಿ ಕೊನೆಯ ಆಟ. ಪ್ರಿನ್ಸಸ್ ಪಾರ್ಕ್ 2005ರಲ್ಲಿ ಮುಗಿಯಿತು. ಸೌತ್ ಮೆಲ್ಬರ್ನ್ ಕ್ಲಬ್ ಅಂತೂ 1982ರಲ್ಲೇ ಸಿಡ್ನಿಗೆ ಹೊರಟುಹೋಯಿತು. ಒಂದೊಂದಕ್ಕೂ ದುಡ್ಡಿನ ಕಾರಣ ಇತ್ತು. ಹಳೆಯ ಸ್ಟ್ಯಾಂಡ್‌ಗಳು ಶಿಥಿಲ, ಶೌಚಾಲಯ ಕೆಟ್ಟದು, ಹೆಂಗಸರು ಮಕ್ಕಳಿಗೆ ಸೌಕರ್ಯ ಇಲ್ಲ. ಅದನ್ನೆಲ್ಲ ನಾನು ಅಲ್ಲಗಳೆಯುವುದಿಲ್ಲ. ಆದರೆ ಜನರ ಬಂಧ ಇದ್ದದ್ದು ಆ ಜಾಗಗಳ ಜೊತೆ.

ಇನ್ನು ಸಮಯ. ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಕಾರಣ ಇದು. ಈಗ ಹದಿನೆಂಟು ತಂಡ, ಒಂದೊಂದಕ್ಕೆ ಇಪ್ಪತ್ಮೂರು ಆಟ. ಗುರುವಾರ ರಾತ್ರಿಯಿಂದ ಭಾನುವಾರ ಸಂಜೆವರೆಗೆ ಹಂಚಿರುತ್ತಾರೆ. ಸೀಸನ್ ಕೊನೆಯ ವಾರಗಳ ಆಟ ಯಾವ ದಿನ, ಯಾವ ಹೊತ್ತು ಅನ್ನುವುದು ಮೊದಲೇ ಗೊತ್ತಿರುವುದಿಲ್ಲ, ನಂತರ ತೀರ್ಮಾನ ಆಗುತ್ತದೆ. ಟಿವಿಗೆ ಯಾವುದು ಚೆನ್ನಾಗಿ ಕೂರುತ್ತದೋ ಅದು. 2025ರಿಂದ 2031ರವರೆಗಿನ ಪ್ರಸಾರದ ಹಕ್ಕನ್ನು 450 ಕೋಟಿ ಡಾಲರ್‌ಗೆ ಮಾರಿದ್ದಾರೆ. ಅಷ್ಟು ಕೊಟ್ಟವರು ತಮಗೆ ಬೇಕಾದ ಹೊತ್ತು ಕೇಳುತ್ತಾರೆ. ಆ ದುಡ್ಡಿನಲ್ಲೇ ಆಟಗಾರರ ಸಂಬಳ, ನಮ್ಮಂಥ ಸಣ್ಣ ಕ್ಲಬ್‌ಗಳ ಉಳಿವು ಕೂಡ ನಡೆಯುತ್ತದೆ. ಆದರೆ ಮೊಮ್ಮಗನನ್ನು ಕರೆದುಕೊಂಡು ಹೋಗುವ ಅಜ್ಜನಿಗೆ ಗುರುವಾರ ರಾತ್ರಿ ಏಳೂವರೆಯ ಆಟದಿಂದ ಏನು ಪ್ರಯೋಜನ? ಮುಗಿಯುವಾಗ ಹತ್ತು ಗಂಟೆ ದಾಟುತ್ತದೆ. ಮಗುವಿಗೆ ಬೆಳಿಗ್ಗೆ ಸ್ಕೂಲು. ಅಜ್ಜ ಒಬ್ಬರೇ ಯಾಕೆ ಹೋಗುತ್ತಾರೆ?

ನಿಮ್ಮ ಹಿರಿಯರನ್ನು "ಯಾಕೆ ಬಿಟ್ಟಿರಿ" ಅಂತ ಇನ್ನು ಕೇಳಬೇಡಿ. "ಯಾರ ಜೊತೆ ಹೋಗುತ್ತಿದ್ದಿರಿ" ಅಂತ ಕೇಳಿ ನೋಡಿ. ನೀವಿರುವುದು ಪಶ್ಚಿಮ ಭಾಗದಲ್ಲೇ. ವೆಸ್ಟರ್ನ್ ಓವಲ್‌ಗೆ ಈಗ ವಿಟನ್ ಓವಲ್ ಅಂತ ಹೆಸರು. 1995ರಲ್ಲಿ ತೀರಿಕೊಂಡ ಟೆಡ್ ವಿಟನ್ ಅವರ ನೆನಪಿಗೆ ಇಟ್ಟದ್ದು. ಕ್ಲಬ್ಬಿನ ಎರಡನೇ ತಂಡ 2014ರಿಂದ ಫುಟ್‌ಸ್ಕ್ರೇ ಅನ್ನುವ ಹಳೆಯ ಹೆಸರಿನಲ್ಲೇ ಅಲ್ಲಿ ಆಡುತ್ತದೆ. ಒಂದು ಮಧ್ಯಾಹ್ನ ಅವರನ್ನು ಕರೆದುಕೊಂಡು ಹೋಗಿ.

ಪ್ರಶ್ನೆ: ಹಳಬರು ಎಲ್ಲದಕ್ಕೂ "ಹಿಂದೆ ಚೆನ್ನಾಗಿತ್ತು" ಅನ್ನುತ್ತಾರೆ. ಮೈದಾನ ತುಂಬಿ ತುಳುಕುತ್ತಿದೆ. ಆಸಕ್ತಿ ಕಡಿಮೆ ಆಗಿದೆ ಅನ್ನುವುದೇ ತಪ್ಪಲ್ವಾ?
— ವಿದ್ಯಾರ್ಥಿ, ಕ್ಲೇಟನ್

ಉತ್ತರ: ಮೈದಾನ ತುಂಬಿರುವುದು ನಿಜ. 2023ರ ಸೀಸನ್‌ನಲ್ಲಿ ಒಟ್ಟು ಪ್ರೇಕ್ಷಕರ ಸಂಖ್ಯೆ ಎಂಬತ್ತು ಲಕ್ಷ ದಾಟಿತು. 2024ರಲ್ಲಿ ಕ್ಲಬ್‌ಗಳ ಮೆಂಬರ್‌ಗಳು ಹದಿಮೂರು ಲಕ್ಷಕ್ಕೂ ಜಾಸ್ತಿ. ಆದರೆ ಗೇಟಿನ ಯಂತ್ರ ತಲೆ ಎಣಿಸುತ್ತದೆ, ಯಾರ ತಲೆ ಅಂತ ಕೇಳುವುದಿಲ್ಲ. ಹೊಸಬರು ಬರುವುದೂ ಹಳಬರು ಹೋಗುವುದೂ ಒಟ್ಟಿಗೆ ನಡೆಯಬಹುದು. ಬಿಟ್ಟವರೆಲ್ಲ ಮುದುಕರು ಅಂದುಕೊಳ್ಳಬೇಡಿ. ನನಗೆ ಗೊತ್ತಿರುವವರಲ್ಲಿ ನಲವತ್ತರ ಆಸುಪಾಸಿನವರೇ ಜಾಸ್ತಿ. ಅಪ್ಪನ ಜೊತೆ ಬಂದವರು, ಈಗ ತಮ್ಮ ಮಕ್ಕಳನ್ನು ತರುತ್ತಿಲ್ಲ.

ಆಟವೂ ಬದಲಾಗಿದೆ, ಅದು ಬರೀ ನೆನಪಿನ ಮಾತಲ್ಲ. 1980ರ ದಶಕದಲ್ಲಿ ಒಂದು ತಂಡ ನೂರು ಅಂಕ ದಾಟುವುದು ಮಾಮೂಲು. ಈಗ ಎಂಬತ್ತರ ಆಸುಪಾಸು. ಆಗ ಫುಲ್ ಫಾರ್ವರ್ಡ್ ಅಂದರೆ ಗೋಲಿನ ಮುಂದೆ ನಿಂತ ರಾಜ. ಅವನೊಬ್ಬ, ಅವನನ್ನು ಕಾಯುವವನೊಬ್ಬ, ಸುತ್ತ ಖಾಲಿ ಹುಲ್ಲು. ಟೋನಿ ಲಾಕೆಟ್, ಜೇಸನ್ ಡನ್‌ಸ್ಟಾಲ್, ಗ್ಯಾರಿ ಆಬ್ಲೆಟ್ ಅಂಥವರು ಒಂದೇ ಸೀಸನ್‌ನಲ್ಲಿ ನೂರು ಗೋಲ್ ಹೊಡೆಯುತ್ತಿದ್ದರು. ಕೊನೆಯದಾಗಿ ಹಾಗೆ ಹೊಡೆದದ್ದು ಲ್ಯಾನ್ಸ್ ಫ್ರಾಂಕ್ಲಿನ್, 2008ರಲ್ಲಿ. ಆಮೇಲೆ ಯಾರೂ ಇಲ್ಲ.

ಕಾರಣ ಕೋಚ್‌ಗಳ ಲೆಕ್ಕಾಚಾರ. ಗೋಲ್ ತಡೆಯಲು ಎಲ್ಲರನ್ನೂ ಹಿಂದಕ್ಕೆ ಎಳೆದರು. ಚೆಂಡು ಇರುವ ಕಡೆಗೇ ಮೂವತ್ತಾರು ಜನ ಓಡುತ್ತಾರೆ. ಹಾಗೆ ಓಡಲು ಬೇಕಾದ ದಮ್ಮು ಬಂದದ್ದು ಬದಲಿ ಆಟಗಾರರಿಂದ. 1978ರಲ್ಲಿ ಬೆಂಚಿನಲ್ಲಿ ಇಬ್ಬರಿದ್ದರು, ಆಮೇಲೆ ನಾಲ್ವರಾದರು. ಸುಸ್ತಾದವನು ಹೊರಗೆ, ಚೇತರಿಸಿಕೊಂಡವನು ಒಳಗೆ. ಅದು ಮಿತಿಮೀರಿ ಹೋಗಿ 2014ರಲ್ಲಿ ಒಂದು ಆಟದಲ್ಲಿ ಒಂದು ತಂಡಕ್ಕೆ 120 ಬದಲಾವಣೆ ಅಂತ ಮಿತಿ ಹಾಕಿದರು, 2016ರಲ್ಲಿ 90, 2021ರಲ್ಲಿ 75. 2019ರಲ್ಲಿ ಪ್ರತಿ ಸಲ ನಡುವಿನಿಂದ ಆಟ ಶುರುವಾಗುವಾಗ ಹಿಂದೆ ಆರು, ನಡುವೆ ಆರು, ಮುಂದೆ ಆರು ಜನ ನಿಲ್ಲಬೇಕು ಅಂದರು. 2021ರಲ್ಲಿ ಮಾರ್ಕ್ ಹಿಡಿದವನ ಎದುರು ನಿಂತವನು ಅಲುಗಾಡಬಾರದು ಅಂದರು. 2022ರಲ್ಲಿ ಅಂಪೈರ್ ಕಡೆ ಕೈ ಚಾಚಿ ಆಕ್ಷೇಪಿಸಿದರೂ 50 ಮೀಟರ್ ದಂಡ, ಅಂದರೆ ಎದುರಾಳಿ ಅಷ್ಟು ಮುಂದಕ್ಕೆ ಹೋಗಿ ಒದೆಯಬಹುದು. 2026ರಿಂದ ಅಂಪೈರ್ ಚೆಂಡನ್ನು ನೆಲಕ್ಕೆ ಬಡಿದು ಪುಟಿಸಿ ಆಟ ಶುರು ಮಾಡುವ ಪದ್ಧತಿಯನ್ನೂ ಕೈಬಿಟ್ಟರು. ಈಗ ಮೇಲಕ್ಕೆ ಎಸೆಯುತ್ತಾರೆ.

ನಿಯಮ ಬದಲಾಯಿತು ಅಂತ ಮಾತ್ರಕ್ಕೆ ಯಾರೂ ಆಟ ಬಿಡುವುದಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಕೆಲವು ನಿಯಮಗಳಿಂದ ಆಟ ನಿಜವಾಗಿಯೂ ಚುರುಕಾಗಿದೆ. ನೋವು ಇರುವುದು ಬೇರೆ ಕಡೆ. ನಲವತ್ತು ವರ್ಷ ಆಟ ನೋಡಿದ ಮನುಷ್ಯ ಅಂದರೆ ಒಂದು ಕಾಲಕ್ಕೆ ಸುತ್ತಲಿನವರಿಗೆಲ್ಲ ಗುರು. "ಅದು ಯಾಕೆ ಫ್ರೀ ಕಿಕ್?" ಅಂತ ಮಕ್ಕಳು ಕೇಳಿದರೆ ಥಟ್ಟನೆ ಹೇಳುತ್ತಿದ್ದರು. ಈಗ ಅಂಪೈರ್ ಸೀಟಿ ಊದಿದರೆ ಅವರೇ ಪಕ್ಕದವರ ಮುಖ ನೋಡಬೇಕು. ಚೆಂಡು ಹಿಡಿದವನನ್ನು ಕೆಡವಿದಾಗ ಅದು ತಪ್ಪೋ ಸರಿಯೋ ಅನ್ನುವುದು ಈ ವಾರ ಒಂದು ಥರ, ಮುಂದಿನ ವಾರ ಇನ್ನೊಂದು ಥರ. ತನ್ನ ಸೀಟಿನಲ್ಲೇ ಹೊಸಬನಾಗಿ ಕೂರುವುದು ಕಷ್ಟ. ಇದನ್ನು ಹಳಬರ ಗೊಣಗಾಟ ಅಂತ ತಳ್ಳಿಹಾಕುವುದು ನನಗೆ ಸರಿ ಕಾಣುವುದಿಲ್ಲ.

ಚೆಂಡು ಪುಟಿಸುವುದನ್ನು ನಿಲ್ಲಿಸಿದ್ದು ಮಾತ್ರ ನನಗೂ ಬೇಸರವೇ. ಚೆಂಡು ಓರೆಯಾಗಿ ಹೋಗುತ್ತದೆ, ಅಂಪೈರ್‌ಗಳ ಬೆನ್ನಿಗೆ ಕಷ್ಟ ಅನ್ನುವ ವಾದ ಅರ್ಥವಾಗುತ್ತದೆ. ಆದರೂ ಗ್ರ್ಯಾಂಡ್ ಫೈನಲ್ ದಿನ ಒಂದು ಲಕ್ಷ ಜನ ಒಟ್ಟಿಗೆ ಕೂಗುತ್ತಿದ್ದದ್ದು ಚೆಂಡು ನೆಲಕ್ಕೆ ಬಡಿಯುವ ಆ ಕ್ಷಣಕ್ಕೆ.

ಗ್ರ್ಯಾಂಡ್ ಫೈನಲ್ ಅಂದಾಗ ನೆನಪಾಯಿತು. ಮೆಲ್ಬರ್ನ್ ಕ್ರಿಕೆಟ್ ಗ್ರೌಂಡ್‌ನ ಒಂದು ಲಕ್ಷ ಸೀಟಿನಲ್ಲಿ ಆಡುವ ಕ್ಲಬ್‌ಗಳ ಮೆಂಬರ್‌ಗಳಿಗೆ ಸಿಗುವುದು ತಲಾ ಸುಮಾರು 17,000. ಮಿಕ್ಕದ್ದರಲ್ಲಿ ದೊಡ್ಡ ಪಾಲು ಆ ಮೈದಾನ ನಡೆಸುವ ಮೆಲ್ಬರ್ನ್ ಕ್ರಿಕೆಟ್ ಕ್ಲಬ್ಬಿನ ಸದಸ್ಯರಿಗೆ, ಲೀಗ್ ಸದಸ್ಯರಿಗೆ, ಕಂಪನಿಗಳಿಗೆ ಹೋಗುತ್ತದೆ. 2016ರಲ್ಲಿ ನಮ್ಮ ಬುಲ್‌ಡಾಗ್ಸ್ 62 ವರ್ಷದ ನಂತರ ಗೆದ್ದರು. ಅದಕ್ಕೂ ಮೊದಲು ಗೆದ್ದಿದ್ದು 1954ರಲ್ಲಿ, ಒಂದೇ ಸಲ. ಜೀವಮಾನವಿಡೀ ಕಾದ ಎಷ್ಟೋ ಜನರಿಗೆ ಟಿಕೆಟ್ ಸಿಗಲಿಲ್ಲ. ಕೋಚ್ ಲ್ಯೂಕ್ ಬೆವೆರಿಜ್ ತಮ್ಮ ಕೊರಳಿನ ಪದಕ ತೆಗೆದು, ಗಾಯದಿಂದ ಆಡಲಾಗದ ನಾಯಕ ಬಾಬ್ ಮರ್ಫಿಗೆ ಹಾಕಿದರು. ಅದನ್ನು ಟಿವಿಯಲ್ಲಿ ನೋಡಿ ನಾವೆಲ್ಲ ಅತ್ತೆವು. ಮರುದಿನ ವಿಟನ್ ಓವಲ್‌ನಲ್ಲಿ ಸಾವಿರಾರು ಜನ ಸೇರಿದರು, ಫಿಟ್ಟರ್ ಕೂಡ ಬಂದಿದ್ದರು. ಹಳೆಯ ಬೇಲಿಯ ಕಡೆಗೇ ಹೋಗಿ ನಿಂತರು. ಮುಂದಿನ ಸೀಸನ್‌ಗೆ ಡಾಕ್‌ಲ್ಯಾಂಡ್ಸ್‌ಗೆ ಬರುತ್ತೀರಾ ಅಂತ ಕೇಳಿದೆ. "ಇಲ್ಲಿ ಆಡಿದರೆ ಬರುತ್ತೇನೆ" ಅಂದರು. ಅವರ ಪ್ರೀತಿ ಕಡಿಮೆ ಆಗಿದೆ ಅಂತ ಯಾರು ಹೇಳುತ್ತಾರೆ?

ಪ್ರಶ್ನೆ: ನನ್ನ ಹನ್ನೊಂದು ವರ್ಷದ ಮಗ ಆಟ ನೋಡುವಾಗ ಯಾವ ತಂಡಕ್ಕೆ ಎಷ್ಟು ಬೆಟ್ಟಿಂಗ್ ದರ ಅಂತ ಹೇಳುತ್ತಾನೆ. ನಮ್ಮ ಯಜಮಾನರು ಈ ಕಾರಣಕ್ಕೇ ಫುಟಿ ನೋಡುವುದನ್ನು ನಿಲ್ಲಿಸಿದ್ದಾರೆ. ಅತಿಯಾಯಿತಾ?
— ತಾಯಿ, ಟಾರ್ನೀಟ್

ಉತ್ತರ: ಅತಿಯಾಗಿಲ್ಲ ತಾಯಿ. ನನ್ನ ಪರಿಚಯದ ತಂದೆಯರು ಆಟ ಬಿಟ್ಟದ್ದಕ್ಕೆ ನಾನು ಕೇಳಿದ ಕಾರಣಗಳಲ್ಲಿ ಇದು ಅತ್ಯಂತ ನ್ಯಾಯವಾದದ್ದು. ಹಿಂದೆಯೂ ಜನ ಬೆಟ್ ಕಟ್ಟುತ್ತಿದ್ದರು. ಆಫೀಸಿನಲ್ಲಿ ಯಾರು ಗೆಲ್ಲುತ್ತಾರೆ ಅಂತ ಚೀಟಿ ಬರೆದು ಹಾಕುವುದು ಇವತ್ತೂ ಇದೆ, ಅದರಲ್ಲಿ ತಮಾಷೆ ಇದೆ. ಈಗ ಹಾಗಲ್ಲ. ಲೀಗ್‌ಗೇ ಅಧಿಕೃತ ಬೆಟ್ಟಿಂಗ್ ಪಾಲುದಾರ ಕಂಪನಿ ಇದೆ. ಆಟದ ಮೊದಲು, ನಂತರ, ಫೋನಿನಲ್ಲಿ, ಎಲ್ಲಿ ನೋಡಿದರೂ ಅದೇ ಜಾಹೀರಾತು. ಮೊದಲ ಗೋಲ್ ಯಾರದ್ದು, ಯಾರು ಎಷ್ಟು ಸಲ ಚೆಂಡು ಮುಟ್ಟುತ್ತಾರೆ, ಎಲ್ಲದಕ್ಕೂ ದರ.

ಸಂಸತ್ತಿನ ಸಮಿತಿಯೊಂದು ಇದನ್ನು ಪರಿಶೀಲಿಸಿ 2023ರ ಜೂನ್‌ನಲ್ಲಿ 31 ಶಿಫಾರಸು ಕೊಟ್ಟಿತು. ಆನ್‌ಲೈನ್ ಜೂಜಿನ ಜಾಹೀರಾತನ್ನು ಮೂರು ವರ್ಷದಲ್ಲಿ ಹಂತ ಹಂತವಾಗಿ ಪೂರ್ತಿ ನಿಷೇಧಿಸಬೇಕು ಅನ್ನುವುದು ಅದರಲ್ಲಿ ಮುಖ್ಯ. ಸಮಿತಿಯ ಅಧ್ಯಕ್ಷೆ ವಿಕ್ಟೋರಿಯಾದ ಸಂಸದೆ ಪೀಟಾ ಮರ್ಫಿ. ಅದೇ ವರ್ಷ ಡಿಸೆಂಬರ್‌ನಲ್ಲಿ ಅವರು ತೀರಿಕೊಂಡರು. ಕ್ಲಬ್‌ಗಳ ಕಡೆಯಿಂದ ಒಂದು ಒಳ್ಳೆಯ ಸುದ್ದಿ ಅಂದರೆ ನಾರ್ತ್ ಮೆಲ್ಬರ್ನ್, ಕಾಲಿಂಗ್‌ವುಡ್, ಮೆಲ್ಬರ್ನ್‌ನಂಥ ಕ್ಲಬ್‌ಗಳು ದುಡ್ಡು ಹಾಕಿ ಜೂಜಾಡುವ ಪೋಕರ್ ಯಂತ್ರಗಳ ವ್ಯವಹಾರದಿಂದ ಹೊರಬಂದವು. ಬಿಡಲು ಸಾಧ್ಯ ಅಂತ ಇದರಿಂದ ತಿಳಿಯುತ್ತದೆ.

ಮಗನನ್ನು ಬೈಯಬೇಡಿ. ಅವನು ಕೇಳಿಸಿಕೊಂಡದ್ದನ್ನು ಹೇಳುತ್ತಿದ್ದಾನೆ. ಯಜಮಾನರಿಗೆ ಹೇಳಿ, ಟಿವಿಯಲ್ಲಿ ಬೇಡ, ರೇಡಿಯೋದಲ್ಲಿ ಎಬಿಸಿ ವಾಹಿನಿಯ ವೀಕ್ಷಕ ವಿವರಣೆ ಕೇಳಲಿ. ಅದರಲ್ಲಿ ಜಾಹೀರಾತೇ ಇಲ್ಲ. ಅಪ್ಪ ಮಗ ಹಿತ್ತಿಲಲ್ಲಿ ಚೆಂಡು ಒದೆಯುತ್ತಾ ಕೇಳಬಹುದು.

ಪ್ರಶ್ನೆ: ನಾನು 2015ರಿಂದ ಆಟ ನೋಡಿಲ್ಲ. ಆಡಮ್ ಗೂಡ್ಸ್ ಅವರನ್ನು ವಾರಗಟ್ಟಲೆ ಹೀಯಾಳಿಸಿದ್ದನ್ನು ನೋಡಿ ಮನಸ್ಸು ಮುರಿಯಿತು. ಸ್ನೇಹಿತರು ಮತ್ತೆ ಕರೆಯುತ್ತಿದ್ದಾರೆ. ಹೋಗಲೇ?
— ಓದುಗರು, ಸಿಡ್ನಿ

ಉತ್ತರ: ವಿಷಯ ತಿಳಿಯದವರಿಗಾಗಿ ಹೇಳುತ್ತೇನೆ. ಗೂಡ್ಸ್ ಸಿಡ್ನಿ ಸ್ವಾನ್ಸ್‌ನ ಮೂಲನಿವಾಸಿ ಆಟಗಾರ. ಲೀಗಿನ ಅತ್ಯುತ್ತಮ ಆಟಗಾರನಿಗೆ ಕೊಡುವ ಬ್ರೌನ್‌ಲೋ ಪದಕವನ್ನು 2003 ಮತ್ತು 2006ರಲ್ಲಿ, ಎರಡು ಸಲ ಗೆದ್ದವರು. 2013ರ ಮೇ ತಿಂಗಳಲ್ಲಿ ಮೆಲ್ಬರ್ನ್‌ನಲ್ಲಿ ಬೇಲಿಯ ಆಚೆಯಿಂದ ಬಂದ ಜನಾಂಗೀಯ ನಿಂದನೆಯನ್ನು ಬೆರಳು ತೋರಿ ಹೇಳಿದರು. ಕೂಗಿದ್ದು ಹದಿಮೂರು ವರ್ಷದ ಹುಡುಗಿ. ಮಗುವನ್ನು ದೂಷಿಸಬೇಡಿ ಅಂತಲೂ ಅವರೇ ಕೇಳಿಕೊಂಡರು. 2014ರಲ್ಲಿ ವರ್ಷದ ಆಸ್ಟ್ರೇಲಿಯನ್ ಗೌರವ ಬಂತು. ಅಲ್ಲಿಂದ 2015ರವರೆಗೆ ಅವರು ಚೆಂಡು ಮುಟ್ಟಿದಾಗಲೆಲ್ಲ ಸ್ಟೇಡಿಯಂ ಹೀಯಾಳಿಸಿತು. ಆ ಸೀಸನ್ ಕೊನೆಗೆ ಅವರು ಸದ್ದಿಲ್ಲದೆ ನಿವೃತ್ತರಾದರು. 2019ರಲ್ಲಿ ಲೀಗ್ ಮತ್ತು ಹದಿನೆಂಟೂ ಕ್ಲಬ್‌ಗಳು ಕ್ಷಮೆ ಕೇಳಿದವು. ಆದರೂ ಅವರು ಆಟದ ಕಡೆ ಮರಳಲಿಲ್ಲ.

ನಾನೂ ಕಪ್ಪು ಮೈಬಣ್ಣದವನು. ಆ ಕೂಗು ಎದ್ದಾಗ ಜನರ ಮಧ್ಯೆ ಕೂತಿದ್ದೆ. ನನ್ನ ಮುಂದಿನ ಸಾಲಿನಲ್ಲಿ ಒಬ್ಬರು, ಪ್ರತಿ ವಾರ ನಗುನಗುತ್ತಾ ನನ್ನನ್ನು ಮಾತಾಡಿಸುತ್ತಿದ್ದವರು, ಎದ್ದು ನಿಂತು ಬಾಯಿಗೆ ಕೈ ಹಿಡಿದು ಕೂಗಿದರು. ಆಮೇಲೆ ತಿರುಗಿ ನನಗೆ ಚಿಪ್ಸ್ ಕೊಡಲು ಬಂದರು. ನಾನು ತಗೊಳ್ಳಲಿಲ್ಲ. ಆ ಸಂಜೆ ಮನೆಗೆ ಹೋಗುವಾಗ, ಇಷ್ಟು ವರ್ಷ ನಾನು ಯಾರ ಮಧ್ಯೆ ಕೂತಿದ್ದೆ ಅನ್ನುವುದೇ ತಲೆಯಲ್ಲಿತ್ತು.

ನಾನು ಸ್ವಲ್ಪ ಕಾಲ ಬಿಟ್ಟು ಮತ್ತೆ ಹೋದೆ. ನೀವು ಹೋಗಬೇಕು ಅಂತ ಹೇಳಲು ನನಗೆ ಅಧಿಕಾರ ಇಲ್ಲ. ಸೇಂಟ್ ಕಿಲ್ಡಾದ ಮೂಲನಿವಾಸಿ ಆಟಗಾರ ನಿಕಿ ವಿನ್ಮಾರ್ ಜನಾಂಗೀಯ ನಿಂದನೆಗೆ ಉತ್ತರವಾಗಿ ವಿಕ್ಟೋರಿಯಾ ಪಾರ್ಕ್‌ನಲ್ಲಿ ಅಂಗಿ ಎತ್ತಿ ತಮ್ಮ ಕಪ್ಪು ಮೈಗೆ ಬೆರಳು ತೋರಿಸಿದ್ದು 1993ರಲ್ಲಿ. ಅದಾಗಿ ಇಪ್ಪತ್ತು ವರ್ಷವಾದರೂ ಗೂಡ್ಸ್‌ಗೆ ಅದೇ ಅನುಭವ ಆಯಿತು ಅಂದರೆ, ಬರುವುದಿಲ್ಲ ಅನ್ನುವವರನ್ನು ತಪ್ಪು ಅನ್ನಲಾಗುವುದಿಲ್ಲ. ಹೋಗುವುದಾದರೆ ಸ್ನೇಹಿತರಿಗೆ ಮೊದಲೇ ಹೇಳಿ: ಅಂಥ ಮಾತು ಕೇಳಿದರೆ ನಾನು ಎದ್ದು ಬರುತ್ತೇನೆ, ನೀವೂ ಬರಬೇಕು. ಅದಕ್ಕೆ ಒಪ್ಪುವ ಸ್ನೇಹಿತರ ಜೊತೆ ಹೋಗಿ.

ಪ್ರಶ್ನೆ: ತಲೆಗೆ ಪೆಟ್ಟು ಬೀಳುವುದನ್ನು ನೋಡಲಾಗದೆ ಆಟ ಬಿಟ್ಟವರಿದ್ದಾರಾ? ನನಗೆ ಹಾಗಾಗಿದೆ.
— ನರ್ಸ್, ಬೆಂಡಿಗೊ

ಉತ್ತರ: ಇದ್ದಾರೆ. ಅದರಲ್ಲೂ ನಿಮ್ಮಂಥ ಕೆಲಸ ಮಾಡುವವರು. ಹಳೆಯ ಆಟಗಾರರಾದ ಪಾಲಿ ಫಾರ್ಮರ್, ಡ್ಯಾನಿ ಫ್ರಾಲಿ, ಶೇನ್ ಟಕ್ ಅವರ ಮಿದುಳಿನಲ್ಲಿ ಪದೇ ಪದೇ ಬಿದ್ದ ಪೆಟ್ಟಿನಿಂದ ಬರುವ ಸಿಟಿಇ ಕಾಯಿಲೆ ಇತ್ತು ಅಂತ ಅವರು ತೀರಿಕೊಂಡ ಮೇಲೆ ಗೊತ್ತಾಯಿತು. 2023ರಲ್ಲಿ ಮಹಿಳಾ ಲೀಗಿನ ಹೆದರ್ ಆಂಡರ್ಸನ್ ಅವರಲ್ಲೂ ಅದೇ ಕಂಡಿತು. ಈಗ ತಲೆಗೆ ಪೆಟ್ಟಾಗಿ ಕನ್ಕಷನ್ ಆದವನು ಕನಿಷ್ಠ ಹನ್ನೆರಡು ದಿನ ಆಡುವಂತಿಲ್ಲ. ಮೆಲ್ಬರ್ನ್ ತಂಡದ ಆಂಗಸ್ ಬ್ರೇಶಾ 2024ರಲ್ಲಿ 28ನೇ ವಯಸ್ಸಿಗೇ ವೈದ್ಯರ ಮಾತಿನಂತೆ ನಿವೃತ್ತರಾದರು. ನಿಯಮ ಬಿಗಿಯಾಗಿರುವುದು ಒಳ್ಳೆಯದೇ. ಅಷ್ಟಾದರೂ ಗೊತ್ತಿದ್ದೂ ನೋಡುವುದು ನಿಮಗೆ ಆಗದಿದ್ದರೆ ಬಲವಂತ ಮಾಡಿಕೊಳ್ಳಬೇಡಿ.

ಪ್ರಶ್ನೆ: ತಂಡವೇ ಇಲ್ಲವಾದರೆ ಅಭಿಮಾನಿಗಳು ಏನು ಮಾಡುತ್ತಾರೆ? ಫಿಟ್ಜ್‌ರಾಯ್ ಬಗ್ಗೆ ಕೇಳಿದ್ದೆ.
— ಓದುಗರು, ಬ್ರನ್ಸ್‌ವಿಕ್

ಉತ್ತರ: 1989ರಲ್ಲಿ ನಾವು ತಪ್ಪಿಸಿಕೊಂಡೆವು, ಫಿಟ್ಜ್‌ರಾಯ್ ಆಗ ತಪ್ಪಿಸಿಕೊಂಡರೂ ಆಮೇಲೆ ಉಳಿಯಲಿಲ್ಲ. 1897ರ ಎಂಟು ಕ್ಲಬ್‌ಗಳಲ್ಲಿ ಅದೂ ಒಂದು. 1996ರಲ್ಲಿ ಬ್ರಿಸ್ಬೇನ್ ಬೇರ್ಸ್ ಜೊತೆ ಸೇರಿಸಿ ಬ್ರಿಸ್ಬೇನ್ ಲಯನ್ಸ್ ಮಾಡಿದರು. ಕೊನೆಯ ಆಟ ತಮ್ಮ ಊರಲ್ಲೂ ಇರಲಿಲ್ಲ, 1996ರ ಸೆಪ್ಟೆಂಬರ್ 1ರಂದು ಪರ್ತ್‌ನಲ್ಲಿ ಫ್ರೀಮ್ಯಾಂಟಲ್ ವಿರುದ್ಧ ಆಡಿದರು. ಅಭಿಮಾನಿಗಳಲ್ಲಿ ಕೆಲವರು ಬ್ರಿಸ್ಬೇನ್ ತಂಡವನ್ನು ಒಪ್ಪಿಕೊಂಡರು. ಕೆಲವರು ಬೇರೆ ತಂಡಕ್ಕೆ ಹೋದರು. ಕೆಲವರು ದೊಡ್ಡ ಲೀಗನ್ನೇ ಬಿಟ್ಟರು. ಮೂರನ್ನೂ ನಾನು ಗೌರವಿಸುತ್ತೇನೆ.

2009ರಿಂದ ಫಿಟ್ಜ್‌ರಾಯ್ ಹೆಸರಿನ ತಂಡ ಹವ್ಯಾಸಿ ಲೀಗಿನಲ್ಲಿ ಆಡುತ್ತಿದೆ, ಅದೇ ಹಳೆಯ ಬ್ರನ್ಸ್‌ವಿಕ್ ಸ್ಟ್ರೀಟ್ ಓವಲ್‌ನಲ್ಲಿ. ಆಡುವವರಿಗೆ ಸಂಬಳ ಇಲ್ಲ. ನೀವು ಹತ್ತಿರವೇ ಇದ್ದೀರಿ. ಹನ್ನೊಂದನೇ ನಂಬರ್ ಟ್ರಾಮ್ ಪಕ್ಕದಲ್ಲೇ ಹೋಗುತ್ತದೆ. ಆಟದ ಒಂದು ಕ್ವಾರ್ಟರ್ (ಕಾಲುಭಾಗ) ಮುಗಿದಾಗ ಮೈದಾನದ ಒಳಗೆ ಹೋಗಿ ಕೋಚ್ ಏನು ಹೇಳುತ್ತಾರೆ ಅಂತ ಪಕ್ಕದಲ್ಲೇ ನಿಂತು ಕೇಳಬಹುದು. ಚಳಿಗಾಲದ ಕೋಟು ಮರೆಯಬೇಡಿ, ಅಲ್ಲಿ ಚಾವಣಿ ಇಲ್ಲ.